‘ಲೈಸೆನ್ಸ್ ಬೇಡ’ ಎಂಬ ಅರ್ಧಸತ್ಯ

ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಇಳಿದರೂ ಅಷ್ಟೆ, ಕಲ್ಯಾಣದ ಶಿವಾಜಿ ಚೌಕಕ್ಕೆ ಹೋದರೂ ಅಷ್ಟೆ, ಕೋಪರ್‌ಖೈರಣೆಯ ಸೆಕ್ಟರುಗಳಲ್ಲಿ ಸುತ್ತಿದರೂ ಅಷ್ಟೆ. ಬ್ಯಾಟರಿ ಗಾಡಿಯ ಬೆಲೆ ಕೇಳಿದರೆ ಸಾಕು, ಮಾರುವವನ ಬಾಯಲ್ಲಿ ಮರಾಠಿಯ ಮೂರು ‘ನಕೋ’ಗಳು, ಅಂದರೆ ‘ಬೇಡ’ಗಳು, ಸಿದ್ಧವಾಗಿರುತ್ತವೆ: ಲೈಸೆನ್ಸ್ ನಕೋ, ಪಾಸಿಂಗ್ (ನೋಂದಣಿ) ನಕೋ, ಇನ್ಶುರೆನ್ಸ್ ನಕೋ. ಕೊಳ್ಳಲು ಬಂದವರ ಕಿವಿಗೂ ಅದು ಹಿತ. ಮಗನನ್ನು ಕ್ಲಾಸಿಗೆ ಕಳಿಸಬೇಕಾದ ತಾಯಿ, ಹತ್ತಿರದ ಸೊಸೈಟಿಗಳಿಗೆ ಇಡ್ಲಿ-ದೋಸೆಯ ಪಾರ್ಸೆಲ್ ಮುಟ್ಟಿಸಬೇಕಾದ ಹೋಟೆಲಿನವರು, ಮೊಣಕಾಲು ನೋವಿನ ನಿವೃತ್ತರು, ಎಲ್ಲರೂ ಒಪ್ಪಿಕೊಂಡುಬಿಟ್ಟ ಮಾತಿದು. ನಮ್ಮ ಕನ್ನಡ ಸಂಘಗಳ ಕಾರ್ಯಕ್ರಮ ಮುಗಿದು ಚಹಾ ಕುಡಿಯುವ ಹೊತ್ತಿಗೂ ಇದೇ ಸಲಹೆ ಕೈಯಿಂದ ಕೈಗೆ ದಾಟುತ್ತದೆ: “ಇನ್ನೂರೈವತ್ತು ವ್ಯಾಟಿನದು ತಗೊಳ್ಳಿ, ಯಾವ ಕಾನೂನಿನ ಕಿರಿಕಿರಿಯೂ ಇಲ್ಲ.”

ಈ ಮಾತು ಪೂರ್ತಿ ಸುಳ್ಳಾಗಿದ್ದರೆ ಎಂದೋ ಸತ್ತುಹೋಗುತ್ತಿತ್ತು. ಅರ್ಧ ನಿಜ ಇರುವುದರಿಂದಲೇ ಬದುಕಿದೆ. ಕಾನೂನು ವಿನಾಯಿತಿ ಕೊಟ್ಟಿರುವುದು ಹೌದು. ಆದರೆ ಅದು ಸಿಕ್ಕಿರುವುದು ಪರೀಕ್ಷೆಗೆ ಒಳಪಟ್ಟು ಪಾಸಾದ ಯಂತ್ರಕ್ಕೆ. ಅಂಗಡಿಯವನ ಮಾತಿಗಾಗಲಿ, ಡಬ್ಬದ ಮೇಲಿನ ಸ್ಟಿಕ್ಕರಿಗಾಗಲಿ ಅಲ್ಲ. ಇನ್ನೊಂದು ಸಂಗತಿಯನ್ನು ಯಾರೂ ಎತ್ತುವುದೇ ಇಲ್ಲ. ಸವಾರನಿಗೆ ಉಳಿದ ಖರ್ಚು ಎಲ್ಲೂ ಮಾಯವಾಗಿಲ್ಲ. ಗಾಡಿಗೆ ಸಿಕ್ಕಿ ಬಿದ್ದ ಪಾದಚಾರಿ ಅದನ್ನು ಆಸ್ಪತ್ರೆಯಲ್ಲಿ ತೆರುತ್ತಾನೆ.

ಮೊದಲು ಕಾನೂನಿನಲ್ಲಿ ಏನಿದೆ ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ 2(28)ನೇ ಕಲಂ, ಯಂತ್ರಬಲದಿಂದ ರಸ್ತೆಯಲ್ಲಿ ಓಡುವ ಎಲ್ಲವನ್ನೂ ಮೋಟಾರು ವಾಹನ ಎನ್ನುತ್ತದೆ. ಹೊರಗಿಟ್ಟದ್ದು ಕೆಲವನ್ನು ಮಾತ್ರ: ಹಳಿಯ ಮೇಲೆ ಓಡುವವು, ಕಾರ್ಖಾನೆಯ ಆವರಣದೊಳಗೆ ಮಾತ್ರ ಬಳಸುವವು, ಮತ್ತು ನಾಲ್ಕಕ್ಕಿಂತ ಕಡಿಮೆ ಚಕ್ರಗಳಿದ್ದು 25 ಸಿಸಿ ಮೀರದ ಎಂಜಿನ್ ಇರುವವು. ಈ ಮಿತಿ ಮೊದಲು 35 ಸಿಸಿ ಇತ್ತು, ಆಮೇಲೆ ಇಳಿಯಿತು. ವಿದ್ಯುತ್ ಮೋಟಾರಿಗೆ ಸಿಸಿ ಎಂಬ ಅಳತೆಯೇ ಇಲ್ಲವಾದ್ದರಿಂದ ಬ್ಯಾಟರಿ ಗಾಡಿಗೆ ಬೇರೆ ಗೆರೆ ಎಳೆಯಬೇಕಾಯಿತು. ಅದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 2(ಯು)ನಲ್ಲಿದೆ. ಮೋಟಾರಿನ ಮೂವತ್ತು ನಿಮಿಷದ ಶಕ್ತಿ 250 ವ್ಯಾಟಿಗಿಂತ ಕಡಿಮೆ ಇರಬೇಕು. ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇರಬೇಕು. ಬ್ಯಾಟರಿ ಬಿಟ್ಟು ಗಾಡಿಯ ತೂಕ 60 ಕಿಲೋ ದಾಟಬಾರದು. ತಕ್ಕ ಬ್ರೇಕು, ಮುಂದೆ ಬಿಳಿ ಮತ್ತು ಹಿಂದೆ ಕೆಂಪು ಪ್ರತಿಫಲಕ ಇರಬೇಕು. ಪೆಡಲಿಗೆ ನೆರವಾಗುವ ಸೈಕಲ್ ಆದರೆ ವೇಗ 25ಕ್ಕೆ ಬರುತ್ತಿದ್ದಂತೆ, ಅಥವಾ ಸವಾರ ತುಳಿಯುವುದನ್ನು ನಿಲ್ಲಿಸಿದೊಡನೆ, ಮೋಟಾರು ಕೈಬಿಡಬೇಕು.

ಇವೆಲ್ಲ ಒಟ್ಟಿಗೆ ಇರಬೇಕು. ಜೊತೆಗೆ, ಜನ ಸಲೀಸಾಗಿ ಮರೆಯುವ ಮಾತೊಂದು ಅದೇ ನಿಯಮದಲ್ಲಿದೆ: ಈ ಅಂಶಗಳನ್ನು 126ನೇ ನಿಯಮದಲ್ಲಿ ಹೆಸರಿಸಿದ ಪರೀಕ್ಷಾ ಸಂಸ್ಥೆಯೊಂದು ನೋಡಿ ದೃಢೀಕರಿಸಿರಬೇಕು. ಅಂಥ ಸಂಸ್ಥೆಗಳಲ್ಲಿ ಹೆಸರಾಂತ ಎಆರ್‌ಎಐ ಇರುವುದು ಇಲ್ಲೇ ಪುಣೆಯಲ್ಲಿ. ಆ ಕಾಗದ ಇದ್ದರೆ ಗಾಡಿ ಸೈಕಲ್ಲಿಗೆ ಸಮ. ಇಲ್ಲದಿದ್ದರೆ, ಆಮೆಯಂತೆ ಓಡಿದರೂ ಕಾನೂನಿನ ಕಣ್ಣಿಗೆ ಅದು ಮೋಟಾರು ವಾಹನವೇ. ಹಳೆಯ ಸೈಕಲ್ಲಿನ ಹಿಂಚಕ್ರಕ್ಕೆ ಆನ್‌ಲೈನಿನಲ್ಲಿ ತರಿಸಿದ ಹಬ್ ಮೋಟಾರ್ ಕಿಟ್ ಕೂರಿಸಿಕೊಂಡವರು ಇಲ್ಲೇ ಸಿಕ್ಕಿಬೀಳುತ್ತಾರೆ. ಮನೆಯಲ್ಲಿ ಮಾಡಿದ ಆ ಜೋಡಣೆಯನ್ನು ಯಾರು, ಎಲ್ಲಿ, ಯಾವಾಗ ಪರೀಕ್ಷಿಸಿದರು ಎಂದು ಕೇಳಿದರೆ ಉತ್ತರವಿಲ್ಲ.

ಗೊಂದಲಕ್ಕೆ ಸರ್ಕಾರದ ಪಾಲೂ ಇದೆ. 2021ರ ಆಗಸ್ಟಿನಲ್ಲಿ ಕೇಂದ್ರವು ಬ್ಯಾಟರಿ ವಾಹನಗಳಿಗೆ ನೋಂದಣಿ ಶುಲ್ಕ ಮನ್ನಾ ಮಾಡಿತು. ಶುಲ್ಕ ಇಲ್ಲ ಎಂಬುದು ಜನರ ಬಾಯಲ್ಲಿ ನೋಂದಣಿಯೇ ಇಲ್ಲ ಎಂದಾಯಿತು. ದೊಡ್ಡ ವಿದ್ಯುತ್ ಸ್ಕೂಟರಿನ ಹಸಿರು ನಂಬರ್ ಪ್ಲೇಟ್ ನೋಡಿಯೂ, ಅದು ನೋಂದಣಿಯ ಗುರುತು ಎಂದು ಅರಿಯದೆ, ಪರಿಸರಕ್ಕಾಗಿ ಕೊಟ್ಟ ಏನೋ ಸವಲತ್ತು ಎಂದುಕೊಂಡವರಿದ್ದಾರೆ.

ಇನ್ನು ಗೆರೆ ದಾಟುವ ಬಗೆ. ಇಂಥ ಗಾಡಿಯ ಸೀಟಿನ ಅಡಿಯಲ್ಲಿ ಅಂಗೈಯಗಲದ ಅಲ್ಯೂಮಿನಿಯಂ ಪೆಟ್ಟಿಗೆಯೊಂದಿರುತ್ತದೆ. ಅದು ಕಂಟ್ರೋಲರ್. ಬ್ಯಾಟರಿಯಿಂದ ಮೋಟಾರಿಗೆ ಎಷ್ಟು ಕರೆಂಟು ಹೋಗಬೇಕೆಂದು ತೀರ್ಮಾನಿಸುವುದು ಅದೇ. ಅದರಿಂದ ಹೊರಬಂದ ಕಂತೆಯಲ್ಲಿ ದಪ್ಪ ವೈರುಗಳ ನಡುವೆ ಒಂದು ತೆಳು ಜೋಡಿ, ಅನೇಕ ಮಾದರಿಗಳಲ್ಲಿ ಬಿಳಿಯದು, ಚಿಕ್ಕ ಪ್ಲಗ್ಗಿನಿಂದ ಸೇರಿರುತ್ತದೆ. ಸೇರಿದ್ದಷ್ಟು ಕಾಲ 25ರ ಮಿತಿ. ಬಿಡಿಸಿದರೆ ಮಿತಿ ಹೋಯಿತು. ಸ್ಕ್ರೂಡ್ರೈವರ್ ಗೊತ್ತಿರುವ ಯಾವ ಹುಡುಗನಿಗೂ ಇದು ಎರಡು ನಿಮಿಷದ ಕೆಲಸ. ಕೆಲವು ಕಡೆ ಗಾಡಿ ಅಂಗಡಿಯ ಮೆಟ್ಟಿಲಿಳಿಯುವ ಮೊದಲೇ ಇದು ಮುಗಿದಿರುತ್ತದೆ. ಗಿರಾಕಿಗೆ “ಲಾಕ್ ತೆಗೆದು ಕೊಡ್ತೇನೆ” ಎಂದು ಉಪಕಾರ ಮಾಡಿದಂತೆ ಹೇಳಲಾಗುತ್ತದೆ.

ಇಲ್ಲಿ ಲೆಕ್ಕ ಕಷ್ಟದ್ದೇನಲ್ಲ. 48 ವೋಲ್ಟ್ ಬ್ಯಾಟರಿಗೆ 18 ಆಂಪಿಯರ್ ಬಿಡುವ ಕಂಟ್ರೋಲರ್ ಇದ್ದರೆ ಒಳಗೆ ಹರಿಯುವುದು 864 ವ್ಯಾಟ್. ಆದರೂ ಮೋಟಾರಿನ ಮೇಲೆ 250 ಎಂದೇ ಬರೆದಿರಬಹುದು, ಅದು ಸುಳ್ಳೂ ಆಗಬೇಕಿಲ್ಲ. ನಿಯಮ ಅಳೆಯುವುದು ಅರ್ಧ ಗಂಟೆ ಎಡೆಬಿಡದೆ ತಡೆದುಕೊಳ್ಳುವ ಶಕ್ತಿಯನ್ನು. ಏರಿನಲ್ಲಿ ಒಂದೆರಡು ನಿಮಿಷ ಹೆಚ್ಚು ಎಳೆದರೆ ತಪ್ಪಾಗುವುದಿಲ್ಲ. ಆದ್ದರಿಂದ ಬರೀ ವ್ಯಾಟ್ ನೋಡಿ ತೃಪ್ತಿಪಡುವ ಗಿರಾಕಿ ಮೋಸಹೋಗುವುದು ಖಂಡಿತ. ವೇಗದ ಮಿತಿಗೆ ಇಂಥ ಸಡಿಲಿಕೆ ಇಲ್ಲ. ವೇಗ 25ರಿಂದ 45ಕ್ಕೆ ಏರಿದಾಗ ಡಿಕ್ಕಿಯ ಬಲ ಮೂರು ಪಟ್ಟಿಗೂ ಹೆಚ್ಚಾಗುತ್ತದೆ, ಬ್ರೇಕು ಮಾತ್ರ ಸೈಕಲ್ಲಿನ ಅಳತೆಯದೇ ಉಳಿಯುತ್ತದೆ. 2022ರಲ್ಲಿ ಮಹಾರಾಷ್ಟ್ರದ ಸಾರಿಗೆ ಇಲಾಖೆ ಇಂಥ ಬದಲಾಯಿಸಿದ ಗಾಡಿಗಳ ತಯಾರಕರು ಮತ್ತು ಮಾರಾಟಗಾರರ ಮೇಲೆ ಕ್ರಮಕ್ಕೆ ಆದೇಶಿಸಿದ್ದು ಈ ಕಾರಣಕ್ಕೇ.

ಆ ವೈರು ಬಿಡಿಸಿದ ಗಳಿಗೆಯಿಂದ ಗಾಡಿಯ ಮೇಲೆ ಇಡೀ ಕಾಯ್ದೆ ಬಂದು ಕೂರುತ್ತದೆ. 3ನೇ ಕಲಮಿನ ಲೈಸೆನ್ಸ್, 39ನೇ ಕಲಮಿನ ನೋಂದಣಿ, 129ರ ಹೆಲ್ಮೆಟ್, 146ರ ವಿಮೆ, ಎಲ್ಲವೂ. 2019ರ ತಿದ್ದುಪಡಿಯ ನಂತರ ದಂಡಗಳೂ ಹಗುರವಾಗಿಲ್ಲ. ಲೈಸೆನ್ಸಿಲ್ಲದೆ ಓಡಿಸಿದರೆ 181ನೇ ಕಲಂ ಪ್ರಕಾರ 5,000 ರೂಪಾಯಿ ಅಥವಾ ಮೂರು ತಿಂಗಳವರೆಗೆ ಸೆರೆ. ನೋಂದಣಿ ಇಲ್ಲದ್ದಕ್ಕೆ 192ರಡಿ ಮೊದಲ ಸಲ 2,000ದಿಂದ 5,000. ವಿಮೆ ಇಲ್ಲದ್ದಕ್ಕೆ 196ರಡಿ 2,000 ಅಥವಾ ಮೂರು ತಿಂಗಳವರೆಗೆ ಸೆರೆ. ಲೈಸೆನ್ಸಿಲ್ಲದವನ ಕೈಗೆ ಗಾಡಿ ಕೊಟ್ಟ ಮಾಲೀಕನನ್ನು 180ನೇ ಕಲಂ ಬೇರೆಯಾಗಿ ಹಿಡಿಯುತ್ತದೆ. ಪಾರ್ಸೆಲ್ ಹುಡುಗನಿಗೆ ಗಾಡಿ ಕೊಡಿಸಿ ನಿಶ್ಚಿಂತರಾಗಿರುವ ನಮ್ಮ ಹೋಟೆಲ್ ಮಾಲೀಕರು ಇದನ್ನು ಎರಡು ಸಲ ಓದಬೇಕು. ಓಡಿಸಿದವನು ಹದಿನೆಂಟು ತುಂಬದವನಾದರೆ 199ಎ ಕಲಂ: ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ, ಮತ್ತು ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. ನಿಜವಾದ ವಿನಾಯಿತಿಯ ಗಾಡಿಗೆ ಕಾಯ್ದೆಯಲ್ಲಿ ವಯಸ್ಸಿನ ಕಟ್ಟಳೆಯೇ ಇಲ್ಲ. ಲಾಕ್ ತೆಗೆದ ಗಾಡಿಗೆ ತಂದೆ-ತಾಯಿ ಜೈಲಿನ ಬಾಗಿಲು ಕಾಣಬೇಕು. ಇವೆರಡರ ನಡುವೆ ಇರುವುದು ಆ ತೆಳು ವೈರು.

ಈಗ ವಿನಾಯಿತಿಯ ಪರ ಇರುವವರ ವಾದಕ್ಕೆ ಬರೋಣ. ಅವರ ಮಾತಿನಲ್ಲಿ ಹುರುಳಿದೆ. ಡೊಂಬಿವಲಿಯಂಥ ಊರಿನಲ್ಲಿ ದಿನದ ಕಷ್ಟ ಲೋಕಲ್ ರೈಲಿನಿಂದ ಶುರುವಾಗುವುದಿಲ್ಲ. ಮನೆಯಿಂದ ಸ್ಟೇಷನ್ನಿನವರೆಗಿನ ಎರಡು-ಮೂರು ಕಿಲೋಮೀಟರಿನಲ್ಲೇ ಶುರುವಾಗುತ್ತದೆ. ಶೇರ್ ರಿಕ್ಷಾದ ಸಾಲು, ಮಾನ್ಪಾಡಾ ರಸ್ತೆಯ ದಟ್ಟಣೆ, ಪಾರ್ಕಿಂಗಿಗೆ ಜಾಗವಿಲ್ಲದ ಸ್ಟೇಷನ್ ಸುತ್ತಮುತ್ತ, ಇವಕ್ಕೆಲ್ಲ ಹಗುರ ಬ್ಯಾಟರಿ ಸೈಕಲ್ಲಿಗಿಂತ ಒಳ್ಳೆಯ ಉತ್ತರ ಸದ್ಯಕ್ಕಿಲ್ಲ. ಹೊಗೆಯಿಲ್ಲ, ಸದ್ದಿಲ್ಲ, ಚಾರ್ಜಿಗೆ ತಗಲುವುದು ಚಿಲ್ಲರೆ ಕಾಸು. ಇಂಥ ಬಡವರ ವಾಹನವನ್ನು ಆರ್‌ಟಿಒ ಕಚೇರಿಯ ಏಜೆಂಟರ ಕೈಗೆ ಒಪ್ಪಿಸಬೇಡಿ ಎಂಬ ಕಳಕಳಿಯನ್ನು ಯಾರೂ ತಳ್ಳಿಹಾಕುವಂತಿಲ್ಲ.

ಆದರೆ ‘ಬಡವರ ವಾಹನ’ ಎಂದು ವಾದಿಸುವಾಗ ರಸ್ತೆಯಲ್ಲಿ ಅದಕ್ಕಿಂತ ಬಡವನೊಬ್ಬ ಇದ್ದಾನೆಂಬುದು ಮರೆತುಹೋಗುತ್ತದೆ. ಅವನು ನಡೆದು ಹೋಗುವವನು. ಡೊಂಬಿವಲಿಯ ಫಡಕೆ ರಸ್ತೆಯಲ್ಲಿ ಸಂಜೆ ತರಕಾರಿ ಚೀಲ ಹಿಡಿದ ಅಜ್ಜಿಗೆ ಸದ್ದಿಲ್ಲದೆ ಹಿಂದಿನಿಂದ ಬಂದ ಗಾಡಿಯೊಂದು ಬಡಿದು ಸೊಂಟದ ಮೂಳೆ ಮುರಿಯಿತು ಎಂದಿಟ್ಟುಕೊಳ್ಳಿ. ಬಡಿದದ್ದು ನೋಂದಣಿಯಾದ ಸ್ಕೂಟರ್ ಆಗಿದ್ದರೆ ನಂಬರಿನಿಂದ ಮಾಲೀಕ ಸಿಗುತ್ತಾನೆ, ಮಾಲೀಕನ ಹಿಂದೆ ವಿಮಾ ಕಂಪನಿ ಇರುತ್ತದೆ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಬಾಗಿಲು ತೆರೆದಿರುತ್ತದೆ. ಬಡಿದವನು ಓಡಿಹೋಗಿ ಪತ್ತೆಯಾಗದಿದ್ದರೂ 161ನೇ ಕಲಂ ಪ್ರಕಾರ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ ಪರಿಹಾರವಿದೆ. ಬಡಿದದ್ದು ವಿನಾಯಿತಿಯ ಗಾಡಿಯಾದರೆ? ಅದು ಮೋಟಾರು ವಾಹನವೇ ಅಲ್ಲವಾದ್ದರಿಂದ ನ್ಯಾಯಮಂಡಳಿಯ ದಾರಿ ಮುಚ್ಚಿತು, 161ರ ಹಣವೂ ಇಲ್ಲ. ಉಳಿಯುವುದು ಸಿವಿಲ್ ದಾವೆ; ಅದು ಮುಗಿಯುವ ಹೊತ್ತಿಗೆ ಅಜ್ಜಿ ಇರುತ್ತಾಳೋ ಇಲ್ಲವೋ. ಲಾಕ್ ತೆಗೆದ ಗಾಡಿಯಾದರೆ ನ್ಯಾಯಮಂಡಳಿಗೆ ಹೋಗಬಹುದು, ಆದರೆ ವಿಮೆ ಇಲ್ಲದ್ದರಿಂದ ಹಣ ಬರಬೇಕಾದದ್ದು ಸವಾರನ ಅಥವಾ ಅವನ ಯಜಮಾನನ ಕಿಸೆಯಿಂದ. ತಿಂಗಳ ಸಂಬಳದ ಹುಡುಗನ ಕಿಸೆಯಲ್ಲಿ ಶಸ್ತ್ರಚಿಕಿತ್ಸೆಯ ಖರ್ಚು ಎಲ್ಲಿಂದ ಬರಬೇಕು?

ನಂಬರ್ ಪ್ಲೇಟು ಸವಾರನ ಕತ್ತಿಗೆ ಕಟ್ಟಿದ ಹೊರೆ ಎಂದೇ ನಮ್ಮ ಚರ್ಚೆಗಳು ನಡೆಯುತ್ತವೆ. ಅದು ಮೊದಲಿಗೆ ದಾರಿಹೋಕನ ಹಕ್ಕು. ವಿಮೆಯ ಮಾತೂ ಹಾಗೆಯೇ. ಆ ಹೊರೆಯಾದರೂ ಎಷ್ಟು? 2022ರಲ್ಲಿ ನಿಗದಿಯಾದ ದರದಂತೆ 3 ಕಿಲೋವ್ಯಾಟ್ ಮೀರದ ವಿದ್ಯುತ್ ದ್ವಿಚಕ್ರದ ಮೂರನೇ ವ್ಯಕ್ತಿ ವಿಮೆಗೆ ವರ್ಷಕ್ಕೆ 457 ರೂಪಾಯಿ, ಮೇಲೆ ತೆರಿಗೆ. ಲಾಕ್ ತೆಗೆಸಿಕೊಂಡು ಓಡಿಸುವವನು ಉಳಿಸುತ್ತಿರುವುದು ತಿಂಗಳಿಗೆ ನಲವತ್ತು ರೂಪಾಯಿಯ ಆಸುಪಾಸು. ಇದಕ್ಕಾಗಿ ಅವನು ಒಡ್ಡಿರುವ ಪಣ ತನ್ನ ಮನೆ-ಮಠ.

ಮೋಟಾರು ವಾಹನವಲ್ಲ ಎಂದ ಮಾತ್ರಕ್ಕೆ ಸವಾರ ಎಲ್ಲ ಕಾನೂನಿನಿಂದ ಪಾರಾದ ಎಂಬ ಭ್ರಮೆಯೂ ಇದೆ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಸಾರ್ವಜನಿಕ ದಾರಿಯಲ್ಲಿ ಅಡ್ಡಾದಿಡ್ಡಿಯಾಗಿ ಓಡಿಸುವ ಯಾವುದೇ ವಾಹನಕ್ಕೆ ಅನ್ವಯಿಸುತ್ತದೆ, ಸೈಕಲ್ಲೂ ಸೇರಿ. ನಿರ್ಲಕ್ಷ್ಯದಿಂದ ಜೀವ ಹೋದರೆ 106ನೇ ಕಲಮಿನಡಿ ಐದು ವರ್ಷದವರೆಗೆ ಸೆರೆ. ಸಂಚಾರ ನಿಯಂತ್ರಿಸಲು ಮಹಾರಾಷ್ಟ್ರ ಪೊಲೀಸ್ ಕಾಯ್ದೆ ಕಮಿಷನರಿಗೆ ಕೊಟ್ಟಿರುವ ಅಧಿಕಾರ ಬೇರೆ ಇದೆ. ವಿರುದ್ಧ ದಿಕ್ಕಿನಲ್ಲಿ ನುಗ್ಗುವ, ಫುಟ್‌ಪಾತ್ ಹತ್ತುವ ಬ್ಯಾಟರಿ ಸವಾರನನ್ನು ಹಿಡಿಯಲು ಕಾನೂನು ಸಾಲದು ಎಂಬುದು ಸುಳ್ಳು.

ಹಾಗಾದರೆ ಎಲ್ಲ ಬ್ಯಾಟರಿ ಸೈಕಲ್ಲುಗಳಿಗೂ ಆರ್‌ಟಿಒ ಪಾಸಿಂಗ್ ಕಡ್ಡಾಯ ಮಾಡಿಬಿಡೋಣವೇ? ವಸತಿ ಸಂಘಗಳ ಸಭೆಗಳಲ್ಲಿ ಏಳುವ ಈ ಕೂಗೂ ದಾರಿ ತಪ್ಪಿದ್ದೇ. ಡೊಂಬಿವಲಿಯವನು ಕಲ್ಯಾಣದ ಎಂಎಚ್-05 ಕಚೇರಿಗೆ, ವಾಶಿಯವನು ಎಂಎಚ್-43ರ ಕಚೇರಿಗೆ ಸೈಕಲ್ ತಳ್ಳಿಕೊಂಡು ಹೋಗುವಂತಾದರೆ, ಜನ ಆ ಸೈಕಲ್ ಬಿಟ್ಟು ಪೆಟ್ರೋಲ್ ಸ್ಕೂಟರಿಗೇ ಮರಳುತ್ತಾರೆ. ನಡುವಿನ ದಾರಿ ಇದೆ, ಅದು ಹೊಸದೂ ಅಲ್ಲ. ನಮ್ಮ ಕರ್ನಾಟಕದ ಊರುಗಳಲ್ಲಿ ಹಿಂದೆ ಸೈಕಲ್ಲಿಗೆ ಪುರಸಭೆಯ ತೆರಿಗೆ ಇತ್ತು. ಕಟ್ಟಿದವರ ಸೈಕಲ್ಲಿಗೆ ಒಂದು ಬಿಲ್ಲೆ ನೇತಾಡುತ್ತಿತ್ತು. ರಾತ್ರಿ ದೀಪವಿಲ್ಲದೆ ಹೊರಟರೆ, ಡಬಲ್ ರೈಡಿಂಗ್ ಮಾಡಿದರೆ ಪೊಲೀಸಪ್ಪ ಚಕ್ರದ ಗಾಳಿ ಬಿಡುತ್ತಿದ್ದ. ಲೈಸೆನ್ಸ್ ಪರೀಕ್ಷೆ ಇರಲಿಲ್ಲ, ಗುರುತು ಇತ್ತು. ಜರ್ಮನಿ 2019ರಲ್ಲಿ ನಿಂತು ಓಡಿಸುವ ವಿದ್ಯುತ್ ಸ್ಕೂಟರುಗಳನ್ನು ರಸ್ತೆಗೆ ಬಿಟ್ಟಾಗ ಇಂಥದೇ ದಾರಿ ಹಿಡಿಯಿತು. ವೇಗ 20 ಕಿಲೋಮೀಟರ್, ವಯಸ್ಸು ಹದಿನಾಲ್ಕು, ಲೈಸೆನ್ಸ್ ಬೇಕಿಲ್ಲ. ಆದರೆ ವರ್ಷವರ್ಷವೂ ಬದಲಾಗುವ ವಿಮೆಯ ಚೀಟಿ ಗಾಡಿಯ ಹಿಂದೆ ಅಂಟಿರಲೇಬೇಕು. ಚೀನಾ ತನ್ನ 2018ರ ಮಾನದಂಡದಲ್ಲಿ 25 ಕಿಲೋಮೀಟರ್, 55 ಕಿಲೋ, 400 ವ್ಯಾಟ್ ಎಂದು ಗೆರೆ ಎಳೆದು, ಬ್ಯಾಟರಿ ಸೈಕಲ್ಲುಗಳಿಗೆ ಸಣ್ಣ ನಂಬರ್ ಫಲಕ ಕೊಡುತ್ತದೆ.

ಅಷ್ಟು ದೂರವೂ ಹೋಗಬೇಕಾಗಿಲ್ಲ. ಬೆಂಗಳೂರಿನಲ್ಲಿ 2017ರಲ್ಲಿ ಹುಟ್ಟಿ ನವಿ ಮುಂಬಯಿಯ ರಸ್ತೆಗೂ ಬಂದ ಯುಲುವಿನ ಬಾಡಿಗೆ ಗಾಡಿಗಳನ್ನು ನೋಡಿ. ಆರ್‌ಟಿಒ ನಂಬರ್ ಇಲ್ಲ, ಆದರೆ ಪ್ರತಿ ಗಾಡಿಗೂ ಕಂಪನಿಯ ಸಂಖ್ಯೆ, ಕ್ಯೂಆರ್ ಚೌಕ ಇದೆ. ಯಾವ ಹೊತ್ತಿಗೆ ಯಾರ ಮೊಬೈಲಿನಿಂದ ಅದು ಚಾಲೂ ಆಯಿತೆಂಬುದು ದಾಖಲಾಗಿರುತ್ತದೆ. ಸಾರಿಗೆ ಕಚೇರಿಯನ್ನು ಮುಟ್ಟದೆಯೇ ಗುರುತು ಸಾಧ್ಯ ಎಂಬುದನ್ನು ಬಾಡಿಗೆ ಕಂಪನಿಯೇ ತೋರಿಸಿಕೊಟ್ಟಿರುವಾಗ, ಕಲ್ಯಾಣ-ಡೊಂಬಿವಲಿ, ಠಾಣೆ, ನವಿ ಮುಂಬಯಿ ಪಾಲಿಕೆಗಳಿಗೆ ಅದು ಅಸಾಧ್ಯವಾಗುವುದು ಹೇಗೆ?

ನಿಯಮದ ಒಳಗಿನ ಅಸಂಬದ್ಧಗಳನ್ನೂ ಹೇಳದೆ ಬಿಡುವಂತಿಲ್ಲ. ಹುಲ್ಲು ಕತ್ತರಿಸುವ ಯಂತ್ರದ 24 ಸಿಸಿ ಪೆಟ್ರೋಲ್ ಎಂಜಿನ್ನನ್ನು ಸೈಕಲ್ಲಿಗೆ ಕಟ್ಟಿದರೆ, 2(28)ನೇ ಕಲಮನ್ನು ಅಕ್ಷರಶಃ ಓದಿದಾಗ ಅದು ಮೋಟಾರು ವಾಹನವಲ್ಲ. ಅದಕ್ಕೆ ವೇಗದ ಮಿತಿಯೂ ಇಲ್ಲ, ತೂಕದ ಮಿತಿಯೂ ಇಲ್ಲ, ಪರೀಕ್ಷೆಯ ಕಾಗದವೂ ಬೇಡ. ಹೊಗೆಯುಗುಳುವ ಗಾಡಿಗೆ ಇಷ್ಟು ಔದಾರ್ಯ, ಹೊಗೆಯಿಲ್ಲದ್ದಕ್ಕೆ ಅಷ್ಟು ಕಟ್ಟಳೆ! ವಿನಾಯಿತಿಯ ಬ್ಯಾಟರಿ ಗಾಡಿಗೆ ನಿಯಮ ಕೇಳುವುದು ಪ್ರತಿಫಲಕವನ್ನು ಮಾತ್ರ, ದೀಪವನ್ನಲ್ಲ. ಜುಲೈ ಮಳೆಯಲ್ಲಿ ಕಲ್ಯಾಣ-ಶೀಳ್ ರಸ್ತೆಯ ಗುಂಡಿಗಳ ನಡುವೆ, ಘೋಡ್‌ಬಂದರ್ ರಸ್ತೆಯ ಕಂಟೇನರ್ ಲಾರಿಗಳ ಪಕ್ಕದಲ್ಲಿ ದೀಪವಿಲ್ಲದ ಗಾಡಿ ಎಂದರೆ ಸವಾರನಿಗೇ ಆಪತ್ತು. ಎಂಜಿನ್ನಿನ ಗಾತ್ರ ಬಿಟ್ಟು ವೇಗ, ತೂಕ, ದೀಪ ಇವುಗಳ ಮೇಲೆ ನಿಂತ ಒಂದೇ ಗೆರೆ ಎರಡೂ ಬಗೆಯ ಗಾಡಿಗೆ ಬೇಕು.

ಕೊನೆಗೆ ಪೊಲೀಸರ ಕ್ರಮದ ಮಾತು. ಈಗ ನಾಕಾಬಂದಿಯಲ್ಲಿ ನಿಲ್ಲಿಸಿ ಹಿಡಿಯುವುದು ಬೆನ್ನಿಗೆ ಚೌಕದ ಚೀಲ ಹೊತ್ತ ಡೆಲಿವರಿ ಹುಡುಗನನ್ನು. ಅವನು ಗಾಡಿಯನ್ನು ತಾನಾಗಿ ಬದಲಾಯಿಸಿದವನಲ್ಲದಿರಬಹುದು. ಬಾಡಿಗೆಗೆ ಪಡೆದದ್ದೂ ಇರಬಹುದು. ಮೋಟಾರು ವಾಹನ ಕಾಯ್ದೆಯ 182ಎ ಕಲಂ ನಿಯಮ ಮೀರಿದ ವಾಹನ ತಯಾರಿಸಿದ, ಆಮದು ಮಾಡಿದ, ಮಾರಿದ, ಬದಲಾಯಿಸಿಕೊಟ್ಟವರಿಗೆ ಪ್ರತಿ ವಾಹನಕ್ಕೆ 1 ಲಕ್ಷ ರೂಪಾಯಿ ದಂಡ ಅಥವಾ ಒಂದು ವರ್ಷದವರೆಗೆ ಸೆರೆ ಎನ್ನುತ್ತದೆ. ಅಂಗಡಿಗಳು ಅಡಗಿಕೊಂಡಿಲ್ಲ, ಬೋರ್ಡು ಹಾಕಿ ಬೀದಿಯಲ್ಲೇ ಕೂತಿವೆ. ಒಂದು ಅಂಗಡಿಯ ಹತ್ತು ಗಾಡಿಗಳನ್ನು ಪರೀಕ್ಷಿಸಿದರೆ ನೂರು ನಾಕಾಬಂದಿಗಳ ಕೆಲಸ ಆಗುತ್ತದೆ. ಆದರೂ ರಸ್ತೆಯಲ್ಲಿ ಹುಡುಗನನ್ನು ನಿಲ್ಲಿಸುವುದೇ ಸುಲಭ, ಏಕೆಂದರೆ ಅವನು ವಾದಿಸುವುದಿಲ್ಲ.

ಕೊಳ್ಳುವವರು ಅಂಗಡಿಯಲ್ಲಿ ನಾಲ್ಕು ಕೆಲಸ ಮಾಡಲಿ. ಆ ಮಾದರಿಯ ಹೆಸರಿರುವ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರದ ಪ್ರತಿ ಕೇಳಿ. ಗಾಡಿಯ ಮೇಲಿನ ಮಾದರಿ ಸಂಖ್ಯೆಯೊಂದಿಗೆ ತಾಳೆ ನೋಡಿ. ಬಿಲ್ಲಿನಲ್ಲಿ ಮಾದರಿ, ಮೋಟಾರಿನ ಶಕ್ತಿ, ಗರಿಷ್ಠ ವೇಗ ಬರೆಸಿಕೊಳ್ಳಿ. “ಲಾಕ್ ತೆಗೆದು ಕೊಡ್ತೇನೆ” ಎಂದರೆ ಅಲ್ಲಿಂದ ಎದ್ದು ಬನ್ನಿ. ಹೆಚ್ಚು ವೇಗ ಬೇಕೇ ಬೇಕು ಎನ್ನುವವರಿಗೆ ದಾರಿ ಮುಚ್ಚಿಲ್ಲ: ಹಸಿರು ಪ್ಲೇಟಿನ ಸ್ಕೂಟರ್, ಲೈಸೆನ್ಸ್, ವಿಮೆ, ಒಂದು ಹೆಲ್ಮೆಟ್. ಹೋಟೆಲ್ ಮಾಲೀಕರು ತಮ್ಮ ಪಾರ್ಸೆಲ್ ಗಾಡಿಗಳ ಕಾಗದವನ್ನು ಈ ವಾರವೇ ತೆಗೆದು ನೋಡಲಿ. ಕಾಗದ ಸಿಗದಿದ್ದರೆ ಸಿಗುವವರೆಗೆ ಗಾಡಿಯನ್ನು ರಸ್ತೆಗೆ ಬಿಡದಿರಲಿ.